ಸೂಡಿಯ ಟಂಕಸಾಲೆ, ಲಂಡನ್ನಿನ ಹುಲಿ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಟಿಪ್ಪುವಿನ ಹುಲಿ ಇದೆ. ಬಣ್ಣ ಬಳಿದ ಮರದ ಹುಲಿ ಅದು. ಕೆಳಗೆ ಬಿದ್ದ ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿದೆ, ಹೊಟ್ಟೆಯೊಳಗೊಂದು ಪುಟ್ಟ ಆರ್ಗನ್ ವಾದ್ಯವಿದೆ. ಹಿಡಿಕೆ ತಿರುವಿದರೆ ಹುಲಿ ಗುರುಗುಟ್ಟುತ್ತಿತ್ತು, ಮನುಷ್ಯ ನರಳುತ್ತಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಲ್ಲಿ ಸಿಕ್ಕ ಇದನ್ನು ಈಸ್ಟ್ ಇಂಡಿಯಾ ಕಂಪನಿ 1808ರಿಂದ ಲಂಡನ್ನಿನ ಜನರ ನೋಟಕ್ಕಿಟ್ಟಿತು. ಅವತ್ತಿನಿಂದ ಇವತ್ತಿನವರೆಗೂ ಅಲ್ಲಿನ ಮಕ್ಕಳಿಗೆ ಅದರ ಮೇಲೆ ಮೋಹ. ಸಂಗ್ರಹಾಲಯದ ಅಂಗಡಿಯವರು ಆ ಮೋಹವನ್ನು ವ್ಯರ್ಥವಾಗಲು ಬಿಟ್ಟಿಲ್ಲ. ಗೊಂಬೆಯಾಗಿ, ಕಾರ್ಡಾಗಿ, ಬಟ್ಟೆಯ ಮೇಲಿನ ಚಿತ್ರವಾಗಿ ಆ ಹುಲಿ ಅಲ್ಲಿ ಮಾರಾಟವಾಗುತ್ತ ಬಂದಿದೆ.

ಆ ಹುಲಿಯ ಒಡೆಯನಿಗೂ ನಮ್ಮ ಸೀಮೆಗೂ ಹಳೆಯ ಲೆಕ್ಕವಿದೆ. 1785ರಲ್ಲಿ ಟಿಪ್ಪುವಿನ ದಂಡು ನರಗುಂದದ ಕೋಟೆಗೆ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ಅಲ್ಲಿಂದ ಹೊತ್ತಿಕೊಂಡ ಮರಾಠ-ಮೈಸೂರು ಯುದ್ಧ ಮುಗಿದದ್ದು 1787ರ ಗಜೇಂದ್ರಗಡದ ಒಪ್ಪಂದದಿಂದ. ಯುದ್ಧ ಶುರುವಾದ ಊರೂ ನಮ್ಮದೇ, ಮುಗಿದ ಊರೂ ನಮ್ಮದೇ. ಈ ಎರಡು ಊರುಗಳಲ್ಲಿ ಮಗುವಿನ ಕೈಗೆ ಕೊಡಲು ಆ ಕಾಲದ ನೆನಪಿನದೊಂದು ಮರದ ತುಂಡು ಸಿಕ್ಕೀತೇ? ನರಗುಂದದ ಬಸ್ ನಿಲ್ದಾಣದಲ್ಲಿ ಪ್ಲಾಸ್ಟಿಕ್ ಹುಲಿ ಬೇಕಾದರೆ ಸಿಗುತ್ತದೆ. ಅದಕ್ಕೂ ಟಿಪ್ಪುವಿಗೂ ಸಂಬಂಧವಿಲ್ಲ.

ವಸ್ತುಸಂಗ್ರಹಾಲಯದ ಅಂಗಡಿ ಎಂದರೆ ನಮ್ಮ ಓದುಬಲ್ಲವರಿಗೆ ಸ್ವಲ್ಪ ತಾತ್ಸಾರ. ಒಳಗಿರುವುದು ಕಲೆ, ಹೊರಗಿರುವುದು ವ್ಯಾಪಾರ ಎಂಬ ಭಾವನೆ. ಮತ್ಸ್ಯಾಲಯಗಳ ಮಟ್ಟಿಗೆ ಈ ತಾತ್ಸಾರ ಸರಿಯೇ ಇರಬಹುದು. ಜೀವಂತ ಮೀನು ನೋಡಿ ಬಂದ ಮಗುವಿಗೆ ರಬ್ಬರಿನ ಶಾರ್ಕ್ ಕೊಡಿಸುವುದರಲ್ಲಿ ನನಗೂ ಹೆಚ್ಚಿನ ಅರ್ಥ ಕಂಡಿಲ್ಲ. ಆದರೆ ಮನುಷ್ಯ ಮಾಡಿದ ವಸ್ತುವನ್ನು ಮನುಷ್ಯ ಮತ್ತೆ ಮಾಡುವುದು ಬೇರೆ ಮಾತು. ನನ್ನ ತಕರಾರು ಇಷ್ಟೆ: ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ವಸ್ತುಗಳಿಗೆ ನಕಲು ಆಗಿಲ್ಲವೆಂದಲ್ಲ, ಬೇಕಾದಷ್ಟು ಆಗಿವೆ. ಆದ ನಕಲುಗಳು ಊರಿನಲ್ಲಿಲ್ಲ, ಅವುಗಳಿಂದ ಊರಿನ ಯಾವ ಕೈಗೂ ಕೆಲಸ ಸಿಕ್ಕಿಲ್ಲ.

ಸೂಡಿಯಿಂದಲೇ ನೋಡೋಣ. ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದು, ಈಗ ಗಜೇಂದ್ರಗಡದ ಪಾಲಿಗೆ ಬಂದಿರುವ ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ರಾಜಧಾನಿ. ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಇಲ್ಲಿಂದ ಆಳಿದಳು. ಗುಣದಬೆಡಂಗಿ ಎಂಬುದು ಅವಳ ಬಿರುದು. ಹಾಗೆಂದು ಅರಮನೆಯೊಳಗೇ ಕೂತವಳಲ್ಲ, ದಂಡು ಕಟ್ಟಿಕೊಂಡು ಹೋಗಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಊರಲ್ಲಿ ಜೋಡು ಕಳಸದ ಗುಡಿಯಿದೆ. ಎದುರುಬದುರು ಎರಡು ಗರ್ಭಗುಡಿ, ಎರಡಕ್ಕೂ ಶಿಖರ. ಮೊದಲನೆಯ ಸೋಮೇಶ್ವರನ ದಂಡನಾಯಕ ನಾಗದೇವ ಕಟ್ಟಿಸಿದ್ದು. ಅವನ ಹೆಸರಲ್ಲೇ ಇರುವ ನಾಗಕುಂಡದ ಮೆಟ್ಟಿಲು, ಗೋಡೆಯ ಕೆತ್ತನೆ ನೋಡಿದವರು ಬೇಗ ಎದ್ದು ಬರುವುದಿಲ್ಲ. ಊರ ನಡುವೆ ಕಾವಲಿನ ಹುಡೇವು, ಮಂಟಪದಲ್ಲಿ ದೊಡ್ಡ ಗಣಪತಿ. ಲಕ್ಕುಂಡಿಯಂತೆ ಇಲ್ಲಿಯೂ ನಾಣ್ಯ ಹೊಡೆಯುವ ಟಂಕಸಾಲೆ ಇತ್ತು. ಇಷ್ಟೆಲ್ಲ ನೋಡಿ ಹೊರಟವರು ‘ಇಲ್ಲೇನಾದರೂ ಕೊಳ್ಳಲು ಸಿಗುತ್ತದೆಯೇ’ ಎಂದು ಕೇಳಿದರೆ, ಕಟ್ಟೆಯ ಮೇಲೆ ಕೂತ ಹಿರಿಯರು ‘ಏನ್ ಬೇಕ್ರೀ? ನೀರಿನ ಬಾಟ್ಲಿ ಸಿಗತೈತಿ’ ಎನ್ನುತ್ತಾರೆ.

ಇದರಲ್ಲಿರುವ ತಮಾಷೆ ಏನೆಂದರೆ, ಪುಟ್ಟ ಪ್ರತಿಕೃತಿ ಮಾಡುವ ಕೆಲಸದಲ್ಲಿ ಈ ಸೀಮೆಯ ಶಿಲ್ಪಿಗಳನ್ನು ಮೀರಿಸಿದವರು ಕಡಿಮೆ. ಜೋಡು ಕಳಸದ ಗುಡಿಯ ಹೊರಗೋಡೆಯನ್ನಾಗಲಿ ಲಕ್ಕುಂಡಿಯ ಕಾಶಿವಿಶ್ವೇಶ್ವರವನ್ನಾಗಲಿ ಹತ್ತಿರದಿಂದ ನೋಡಿ. ಅರೆಗಂಬಗಳ ಮೇಲೆ ಗೇಣುದ್ದದ ಶಿಖರಗಳು, ಒಂದೊಂದೂ ಪೂರ್ತಿ ದೇವಾಲಯದ ಮಾದರಿ. ದ್ರಾವಿಡ, ನಾಗರ ಎಂದು ಶೈಲಿಯನ್ನೂ ಬದಲಿಸಿ ಬದಲಿಸಿ ಕೆತ್ತಿದ್ದಾರೆ. ಮೇಲಿನ ದೊಡ್ಡ ಶಿಖರವನ್ನು ನೋಡಿದರೆ ಅದೂ ಇಂಥ ಚಿಕ್ಕ ಗುಡಿಗಳನ್ನು ಅಂತಸ್ತು ಅಂತಸ್ತಾಗಿ ಪೇರಿಸಿ ಮಾಡಿದ್ದು. ಚಾಲುಕ್ಯರ ದೇವಾಲಯಗಳನ್ನು ಅಳೆದು ಬರೆದು ಅಭ್ಯಾಸ ಮಾಡಿದ ಬ್ರಿಟಿಷ್ ವಿದ್ವಾಂಸ ಆಡಂ ಹಾರ್ಡಿ ಇದನ್ನೇ ಈ ವಾಸ್ತುವಿನ ಮೂಲಸೂತ್ರವೆಂದು ವಿವರಿಸಿದ್ದಾರೆ. ಗುಡಿಯೊಂದು ಗುಡಿಗಳಿಂದಲೇ ಆಗಿರುತ್ತದೆ. ಹಂಪಿಯ ಕಲ್ಲಿನ ರಥದ ಕತೆಯೂ ಅದೇ, ಮರದ ತೇರನ್ನು ಕಲ್ಲಿನಲ್ಲಿ ನಕಲು ಮಾಡಿದ್ದು. ಆ ನಕಲಿನ ನಕಲು 2017ರಿಂದ ಐವತ್ತು ರೂಪಾಯಿಯ ನೋಟಿನ ಹಿಂದೆ ಅಚ್ಚಾಗಿ ನಮ್ಮೆಲ್ಲರ ಜೇಬಿನಲ್ಲಿ ಓಡಾಡುತ್ತಿದೆ.

ಇನ್ನೂ ಹಿಂದಕ್ಕೆ ಹೋದರೆ ಲಕ್ಕುಂಡಿಯ ಅತ್ತಿಮಬ್ಬೆ ಸಿಗುತ್ತಾಳೆ. ಪೊನ್ನನ ಶಾಂತಿಪುರಾಣ ನಶಿಸಿಹೋದೀತು ಎಂದು ತಾಳೆಗರಿಯಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದವಳು, ಒಂದೂವರೆ ಸಾವಿರ ಜಿನಬಿಂಬಗಳನ್ನು ಚಿನ್ನ-ರತ್ನಗಳಲ್ಲಿ ಮಾಡಿಸಿ ದಾನ ಕೊಟ್ಟವಳು. ಅವಳು ಕಟ್ಟಿಸಿದ ಬ್ರಹ್ಮ ಜಿನಾಲಯ 1007ರದು. ಅದರ ಬದಿಯಲ್ಲೇ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಿಲ್ಪ ಸಂಗ್ರಹಾಲಯವಿದೆ. ಒಂದೇ ಬಗೆಯ ಬಿಂಬವನ್ನು ಒಂದೂವರೆ ಸಾವಿರ ಸಲ ಎರಕ ಹೊಯ್ಯಬೇಕಾದರೆ ಎಷ್ಟು ಅಕ್ಕಸಾಲಿಗರ ಒಲೆ ಉರಿದಿರಬೇಕು, ಎಷ್ಟು ತಿಂಗಳು ಹಿಡಿದಿರಬೇಕು ಎಂದು ಲೆಕ್ಕ ಹಾಕಿ. ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ಹೊಗಳುವ ನಾವು, ಅವಳು ನಡೆಸಿದ ಈ ದೊಡ್ಡ ಕಾರ್ಖಾನೆಯ ಕಡೆ ಗಮನ ಕೊಡುವುದು ಕಡಿಮೆ.

ಆಮೇಲೆ ಬಂದ ನಕಲುಗಾರರು ಸರ್ಕಾರದವರು. ಶಾಸನದ ಕಲ್ಲನ್ನು ಕುಂಚದಿಂದ ತಿಕ್ಕಿ ತೊಳೆದು, ನೆನೆಸಿದ ಕಾಗದ ಹೊದಿಸಿ, ಗಟ್ಟಿ ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ತಗ್ಗಿನೊಳಗೆ ಕಾಗದ ಇಳಿಯುವಂತೆ ಮಾಡುತ್ತಾರೆ. ಮೇಲೆ ಕಪ್ಪು ಮಸಿ ಒತ್ತಿದರೆ ಕಲ್ಲಿನ ಬಯಲು ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಹೀಗೆ ತೆಗೆದ ಅಚ್ಚುಗಳನ್ನು ಇಟ್ಟುಕೊಂಡೇ ವಿದ್ವಾಂಸ ಲಯನೆಲ್ ಬಾರ್ನೆಟ್ ಸೂಡಿಯ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 15ನೆಯ ಸಂಪುಟದಲ್ಲಿ ಪ್ರಕಟಿಸಿದರು. ದೇಶದ ಶಾಸನಗಳ ಅಚ್ಚುಗಳ ದೊಡ್ಡ ಭಂಡಾರ ಮೊದಲು ಊಟಿಯಲ್ಲಿತ್ತು, 1966ರಲ್ಲಿ ಮೈಸೂರಿಗೆ ಬಂತು. ಕಾಗದದ ಈ ನಕಲುಗಳಿಗೂ ಎಂಥ ಬೆಲೆ ಎಂದರೆ, ತಮಿಳು ಶಾಸನಗಳ ಅಚ್ಚುಗಳನ್ನು ಚೆನ್ನೈಗೆ ಕೊಡಿ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಆದೇಶ ಮಾಡಬೇಕಾಯಿತು. ಮೂಲ ಕಲ್ಲಿಗಾಗಿ ನಡೆಯುವ ಜಗಳ ಗೊತ್ತಿತ್ತು. ಅಚ್ಚಿನ ಹಾಳೆಗಾಗಿ ಕೋರ್ಟಿನ ಮೆಟ್ಟಿಲು ಹತ್ತುವುದು ನನಗಂತೂ ಹೊಸದಾಗಿ ಕಂಡಿತು. ಸೂಡಿಯ, ರೋಣದ, ನರೇಗಲ್ಲಿನ ಶಾಲೆಯ ಗೋಡೆಗಳ ಮೇಲೆ ಇವುಗಳಲ್ಲಿ ಒಂದಾದರೂ ಚೌಕಟ್ಟು ಹಾಕಿ ತೂಗಿದ್ದರೆ ಚೆನ್ನಾಗಿರುತ್ತಿತ್ತು.

ಕನ್ನಡದ ಹಳೆಯ ಶಾಸನ ಸಿಕ್ಕ ಹಲ್ಮಿಡಿಯಲ್ಲಿ ಅಷ್ಟಾದರೂ ಆಯಿತು. 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದ ಆ ಶಾಸನದ ಮೂಲ ಮೈಸೂರಿನಲ್ಲಿದೆ. ಊರಿನಲ್ಲಿ ನಿಂತಿರುವುದು ಫೈಬರ್ ಗ್ಲಾಸಿನ ಪ್ರತಿಕೃತಿ. ನೋಡಲು ಬರುವವರು ಅದರ ಮುಂದೆಯೇ ಫೋಟೊ ತೆಗೆಸಿಕೊಳ್ಳುತ್ತಾರೆ.

ಲಂಡನ್ನಿನ ಅದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಬರೀ ನಕಲುಗಳಿಗಾಗಿಯೇ 1873ರಲ್ಲಿ ತೆರೆದ ಭಾರೀ ಅಂಗಳಗಳಿವೆ. ರೋಮಿನ ಟ್ರೇಜನ್ ಸ್ತಂಭವನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಛಾವಣಿಗೆ ತಾಗುತ್ತದೆಂದು ಎರಡು ತುಂಡು ಮಾಡಿ ನಿಲ್ಲಿಸಿದ್ದಾರೆ. ನಮ್ಮ ಸಾಂಚಿಯ ಪೂರ್ವ ತೋರಣದ ಅಚ್ಚನ್ನು 1869-70ರ ಹೊತ್ತಿಗೆ ತೆಗೆದು ಯುರೋಪಿನ ನಗರಗಳಿಗೆ ಕಳುಹಿಸಿದ್ದರು. ಅದರ ನೆನಪಿಗೆ 2022ರಲ್ಲಿ ಬರ್ಲಿನ್ನಿನ ಹಂಬೋಲ್ಟ್ ಫೋರಂ ಎದುರು ಕಲ್ಲಿನಲ್ಲೇ ಹೊಸ ತೋರಣ ಎದ್ದು ನಿಂತಿತು. ಬಡಗಿ, ಶಿಲ್ಪಿ, ಚಿತ್ರಗಾರ ಎಲ್ಲರೂ ಒಳ್ಳೆಯದನ್ನು ನೋಡಿಯೇ ಕಲಿಯಬೇಕು, ಎಲ್ಲರಿಗೂ ರೋಮಿಗೆ ಹೋಗಲಾಗದು ಎಂಬುದು ಆ ಕಾಲದ ಲೆಕ್ಕಾಚಾರ. ನಾವೀಗ ಅಂಗಡಿಯಲ್ಲಿ ನೋಡುವ ನೆನಪಿನ ಸಾಮಾನು ಆ ಲೆಕ್ಕಾಚಾರದ ಮರಿಮಗ.

ನಕಲಿಗೆ ಕೆಟ್ಟ ಹೆಸರು ಯಾಕೆ ಬಂತು ಎನ್ನುವುದಕ್ಕೂ ಸೂಡಿಯಲ್ಲೇ ಉತ್ತರವಿದೆ. ಈ ಊರಿನ ಹೆಸರಿನ ತಾಮ್ರಪಟವೊಂದು ಗಂಗರ ಇಮ್ಮಡಿ ಬೂತುಗನದೆಂದು ಹೇಳಿಕೊಳ್ಳುತ್ತದೆ. ಶಕ 860, ಅಂದರೆ ಕ್ರಿ.ಶ. 938ರದೆಂದು ಅದರಲ್ಲೇ ಕಾಲ ಕೊಟ್ಟಿದೆ. ಬೂತುಗನ ರಾಣಿ ದೀವಳಾಂಬ ಸೂಡಿಯಲ್ಲಿ ಕಟ್ಟಿಸಿದ ಬಸದಿಗೆ ಕೊಟ್ಟ ದತ್ತಿಯ ಪ್ರಸ್ತಾಪ ಅದು. ಶಾಸನತಜ್ಞ ಜೆ.ಎಫ್. ಫ್ಲೀಟ್ ಈ ಪಟಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸುವಾಗ ಲೇಖನದ ತಲೆಬರಹದಲ್ಲೇ ಖೋಟಾ ಎಂದು ಬರೆದರು. ಗಂಗರ ತಾಮ್ರಪಟಗಳ ಬಗ್ಗೆ ಫ್ಲೀಟರಿಗೆ ಮೊದಲಿನಿಂದಲೂ ಅನುಮಾನ ಜಾಸ್ತಿ, ಅವರ ಎಲ್ಲ ತೀರ್ಪನ್ನೂ ಮುಂದಿನವರು ಒಪ್ಪಲಿಲ್ಲ. ಅದಿರಲಿ. ತಾಮ್ರಪಟ ಎಂದರೆ ಭೂಮಿಯ ಕಾಗದಪತ್ರ. ಕಳೆದುಹೋದ ಹಳೆಯ ಪಟವನ್ನು ನೆನಪಿನಿಂದ ಮತ್ತೆ ಬರೆಸಿದವರೂ ಉಂಟು, ಇಲ್ಲದ ಹಕ್ಕನ್ನು ಹುಟ್ಟಿಸಿಕೊಂಡವರೂ ಉಂಟು. ಇಬ್ಬರೂ ತಮ್ಮದು ನಕಲು ಎಂದು ಹೇಳಲಿಲ್ಲ. ತಪ್ಪು ಅಲ್ಲಿದೆ.

ಅಮೆರಿಕದಲ್ಲಿ ಇದಕ್ಕೆ 1973ರಲ್ಲೇ ಕಾನೂನು ಬಂತು. ಹಳೆಯ ನಾಣ್ಯದ ಪ್ರತಿಕೃತಿ ಮಾಡಿದರೆ ಅದರ ಮೈಮೇಲೆಯೇ ಅದು ನಕಲು ಎಂಬ ಅಚ್ಚು ಇರಬೇಕು. ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆಯಿದೆ. ಅದರ ಪ್ರಕಾರ ನೂರು ವರ್ಷ ದಾಟಿದ ಕಲ್ಲು, ಲೋಹ, ನಾಣ್ಯಗಳನ್ನೆಲ್ಲ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಚೆನ್ನಾಗಿ ಮಾಡಿದ ಪ್ರತಿಕೃತಿಯನ್ನು ವಿಮಾನ ಹತ್ತಿಸಬೇಕಾದರೆ, ಇದು ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ತ್ವ ಇಲಾಖೆಯಿಂದಲೇ ಪಡೆಯಬೇಕು. ಶಿಲ್ಪಿಯ ಕೈಚಳಕ ಹೆಚ್ಚಾದಷ್ಟೂ ಕಾಗದದ ಕೆಲಸ ಹೆಚ್ಚು.

ಇನ್ನೊಂದು ಬಗೆಯ ತಪ್ಪೂ ಇದೆ, ಅದರಲ್ಲಿ ಕರ್ನಾಟಕಕ್ಕೂ ಪಾಲಿತ್ತು. 2023ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಮ್ಯೂಸಿಯಂ ಮೇಳದ ಲಾಂಛನಕ್ಕೆ ಮೊಹೆಂಜೊದಾರೊದ ನರ್ತಕಿಯನ್ನು ಆರಿಸಿದರು. ಮೂಲ ಕಂಚಿನ ಮೂರ್ತಿ ಗೇಣುದ್ದವೂ ಇಲ್ಲ, ಹತ್ತೂವರೆ ಸೆಂಟಿಮೀಟರ್, 1926ರಲ್ಲಿ ಸಿಕ್ಕಿದ್ದು. ಅದನ್ನು ಚನ್ನಪಟ್ಟಣದ ಗೊಂಬೆ ಕಲೆಯ ರೀತಿಯಲ್ಲಿ ಆಳೆತ್ತರಕ್ಕೆ ಬೆಳೆಸಿ, ಮೈಗೆ ನಸುಗೆಂಪು ಬಣ್ಣ ಬಳಿದು, ಬಟ್ಟೆ ತೊಡಿಸಿ ನಿಲ್ಲಿಸಿದ್ದರು. ಇತಿಹಾಸಕಾರರು ಕೆರಳಿದರು, ಕಪ್ಪು ಹುಡುಗಿಯನ್ನು ಬಿಳುಪು ಮಾಡಿದಿರಿ ಎಂಬ ಆಕ್ಷೇಪ ಬಂತು. ನನಗೆ ಕನಿಕರ ಬಂದದ್ದು ಚನ್ನಪಟ್ಟಣದ ಕಲೆಯ ಮೇಲೆ. ಚರಕಿಯಲ್ಲಿ ಮರ ತಿರುಗಿಸಿ ಅರಗಿನ ಬಣ್ಣ ಹಿಡಿಸುವ ಕೈಗಳಿಗೆ ದುಂಡನೆಯ ಆಕಾರ ಒಲಿಯುತ್ತದೆ. ಸೊಂಟಕ್ಕೆ ಕೈಯಿಟ್ಟು ಸೆಟೆದು ನಿಂತ ಕಂಚಿನ ಹುಡುಗಿ ಆ ಕಲೆಯ ಸಹಜ ವಸ್ತುವಲ್ಲ. ಯಾವ ವಸ್ತುವಿಗೆ ಯಾವ ಕೈ ಎಂಬ ವಿಚಾರ ಮಾಡದೆ ಒಂದು ಪ್ರಸಿದ್ಧ ಮೂರ್ತಿಗೆ ಒಂದು ಪ್ರಸಿದ್ಧ ಕಸುಬನ್ನು ಗಂಟು ಹಾಕಿದರೆ ಹೀಗಾಗುತ್ತದೆ.

ಹಾಗಾದರೆ ನಮ್ಮ ಮೂರು ತಾಲ್ಲೂಕಿಗೆ ಯಾವ ಕೈ? ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳಿವೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟು, ಗೋಣಿನಾರು, ಮರದ ಹೊಟ್ಟಿನಿಂದ ಕಿಟ್ಟ ಮಾಡಿ ಮೆತ್ತಿ, ಬಣ್ಣ ಕಟ್ಟುವವರು. ಜಾತ್ರೆಯ ಗೌರಿಯಿಂದ ಹಿಡಿದು ಗರುಡ, ಹನುಮಂತನವರೆಗೆ ಅವರ ಕೈಯಲ್ಲಿ ಮೂಡುತ್ತಾರೆ. ಕಲ್ಲಿನ ಗುಡಿಯ ಮಾದರಿಯನ್ನು ಅವರಿಂದ ಮಾಡಿಸಬಾರದು, ಚನ್ನಪಟ್ಟಣದ ತಪ್ಪೇ ಮರುಕಳಿಸುತ್ತದೆ. ಆದರೆ ಆನೆ, ಅಂಬಾರಿ, ಟಿಪ್ಪುವಿನ ಹುಲಿಯಂಥವನ್ನು ಅವರ ಕೈಗೆ ಕೊಟ್ಟು ನೋಡಬೇಕು. ಬಣ್ಣದ ಮರದ ಹುಲಿ ಹುಟ್ಟಿದ್ದೂ ಇಂಥ ಯಾವುದೋ ಕನ್ನಡ ನಾಡಿನ ಕಮ್ಮಟದಲ್ಲೇ ಇರಬೇಕು. ಲಂಡನ್ ಅಂಗಡಿಯ ಗೊಂಬೆಗಿಂತ ಕಿನ್ನಾಳದ ಹುಲಿ ಮೂಲಕ್ಕೆ ಹತ್ತಿರವಾದೀತು ಎಂಬುದು ನನ್ನ ನಂಬಿಕೆ.

ನಾಣ್ಯದ ವಿಷಯ ಇನ್ನೂ ಸ್ವಾರಸ್ಯದ್ದು. ಕಲ್ಯಾಣ ಚಾಲುಕ್ಯರ ಚಿನ್ನದ ನಾಣ್ಯವನ್ನು ಒಂದೇ ಅಚ್ಚಿನಲ್ಲಿ ಒತ್ತುತ್ತಿರಲಿಲ್ಲ. ತೆಳುವಾದ ದುಂಡು ಬಿಲ್ಲೆಯ ಮೇಲೆ ಸಿಂಹಕ್ಕೊಂದು, ಶ್ರೀಕಾರಕ್ಕೊಂದು, ಅರಸನ ಬಿರುದಿನ ಕನ್ನಡ ಅಕ್ಷರಕ್ಕೊಂದು ಹೀಗೆ ಬೇರೆ ಬೇರೆ ಮುದ್ರೆ ಇಟ್ಟು ಸುತ್ತಿಗೆಯಿಂದ ಒಂದೊಂದಾಗಿ ಹೊಡೆಯುತ್ತಿದ್ದರು. ಹೊಡೆತಕ್ಕೆ ಬಿಲ್ಲೆ ಬಾಗಿ ನಡುವೆ ತಗ್ಗಾಗುತ್ತಿತ್ತು. ಒಂದು ನಾಣ್ಯದ ಸಿಂಹ ಇನ್ನೊಂದರಲ್ಲಿ ತುಸು ವಾಲಿರುತ್ತದೆ, ಅಕ್ಷರ ಅಂಚಿಗೆ ಸರಿದಿರುತ್ತದೆ. ಹಾಗಾಗಿ ಮೂಲ ನಾಣ್ಯವೊಂದನ್ನು ತಂದು ರಬ್ಬರಿನ ಅಚ್ಚು ತೆಗೆದು ಸಾವಿರ ಪ್ರತಿ ಎರಕ ಹೊಯ್ದರೆ, ಸಾವಿರವೂ ಒಂದೇ ತೆರನಾಗಿ ಸೂಡಿಯ ನಾಣ್ಯಕ್ಕೆ ಅಪಚಾರವಾಗುತ್ತದೆ. ಸರಿಯಾಗಿ ನಕಲು ಮಾಡಬೇಕೆಂದರೆ ಹಿತ್ತಾಳೆಯ ಬಿಲ್ಲೆಯ ಮೇಲೆ ಪ್ರತಿ ಸಲವೂ ಮುದ್ರೆ ಹೊಡೆಯಬೇಕು, ಒಂದು ಮುದ್ರೆ ನಕಲೆಂದು ಹೇಳುವುದೇ ಆಗಿರಬೇಕು. ಬಂದವರ ಕೈಗೇ ಸುತ್ತಿಗೆ ಕೊಟ್ಟರೂ ಅಡ್ಡಿಯಿಲ್ಲ, ಬೆರಳು ಜೋಪಾನ ಎಂದು ಹೇಳಲು ಒಬ್ಬರು ನಿಂತಿದ್ದರಾಯಿತು.

ಗಜೇಂದ್ರಗಡದವರಿಗೆ ಇಂಥ ಉಪದೇಶದ ಅಗತ್ಯವಿಲ್ಲ. ಅಲ್ಲಿ ನಕಲಿನ ಒಳ್ಳೆಯ ಕೆಲಸ ಮಗ್ಗದ ಮೇಲೆ ಆಗಲೇ ನಡೆದಿದೆ. ಪಟ್ಟೇದ ಅಂಚು ಸೀರೆ ಈ ಸೀಮೆಯ ಹೆಂಗಸರು ಹೊಲಮನೆಗೆ ಉಟ್ಟ ಹತ್ತಿಯ ಸೀರೆ. ಮೈಯೆಲ್ಲ ಚೌಕಳಿ, ಗಟ್ಟಿ ಬಣ್ಣದ ಅಂಚು. ಸವದತ್ತಿ ಎಲ್ಲಮ್ಮನಿಗೂ ಸಲ್ಲುತ್ತಿದ್ದ ಸೀರೆ. ಗಿರಣಿಯ ಬಟ್ಟೆ, ಆಮೇಲೆ ಪಾಲಿಸ್ಟರ್ ಬಂದು ಅದು ಬಳಕೆಯಿಂದ ಕಾಣೆಯಾಯಿತು. ಜವಳಿ ವಿನ್ಯಾಸಕಿ ಹೇಮಲತಾ ಜೈನ್ ತಮ್ಮ ಪುನರ್ಜೀವನ ಸಂಸ್ಥೆಯ ಮೂಲಕ ಹಳೆಯ ಸೀರೆಗಳನ್ನು ಹುಡುಕಿ, ಗಜೇಂದ್ರಗಡದ ನೇಕಾರರ ಜೊತೆ ಕೂತು ಮತ್ತೆ ನೇಯಿಸಿದರು. ಹಳೆಯ ತುಂಡೊಂದನ್ನು ಮುಂದಿಟ್ಟುಕೊಂಡು ಎಳೆ ಎಣಿಸಿ, ಬಣ್ಣ ಹೊಂದಿಸಿ ನೇಯುವುದು ವಸ್ತುಸಂಗ್ರಹಾಲಯದ ಪ್ರತಿಕೃತಿ ವಿಭಾಗದವರ ಕೆಲಸವೇ. ವ್ಯತ್ಯಾಸ ಒಂದೇ, ಇದನ್ನು ಗಾಜಿನ ಕಪಾಟಿನಲ್ಲಿಡದೆ ಉಡುತ್ತಾರೆ. ಈಗ ಅದರ ಗಿರಾಕಿಗಳು ಹೆಚ್ಚಾಗಿ ಬೆಂಗಳೂರು, ಮುಂಬೈ, ದೆಹಲಿಯವರು. ನೇಯ್ದ ಊರಿಗೆ ಕಾಲಕಾಲೇಶ್ವರನ ದರ್ಶನಕ್ಕೆ ಬಂದವರು ಮಾತ್ರ ಬೆಟ್ಟ ಇಳಿದು, ಗಾಳಿಯಂತ್ರಗಳ ಫೋಟೊ ಹೊಡೆದುಕೊಂಡು ಬರಿಗೈಲಿ ಹೋಗುತ್ತಾರೆ.

ನರಗುಂದ ಸ್ವಲ್ಪ ಕಷ್ಟದ ಊರು. ಅಲ್ಲಿನ ದೊಡ್ಡ ಕತೆ ಬಾಬಾಸಾಹೇಬ ಭಾಸ್ಕರರಾವ್ ಭಾವೆಯದು. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಸಿಟ್ಟ ಅರಸ. ದತ್ತಕಕ್ಕೆ ಕಂಪನಿ ಒಪ್ಪದಾಗ 1858ರ ಮೇ ಕೊನೆಗೆ ದಂಗೆ ಎದ್ದ, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ಹೊಡೆಸಿದ, ತಲೆಯನ್ನು ನರಗುಂದದ ಅಗಸಿಗೆ ತೂಗಹಾಕಿಸಿದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಇದರಲ್ಲಿ ಅಂಗಡಿಗೆ ಇಡುವಂಥದ್ದು ಯಾವುದು? ಮ್ಯಾನ್ಸನ್ನನ ರುಂಡ ಇಟ್ಟರೆ ಹುಡುಗರು ಮೊದಲು ಅದನ್ನೇ ಕೊಳ್ಳುತ್ತಾರೆ ಎಂಬುದರಲ್ಲಿ ಅನುಮಾನ ಬೇಡ. ಮೇಡಂ ಟುಸ್ಸಾಡ್ ಎಂಬ ಹೆಂಗಸು ಫ್ರಾನ್ಸಿನ ಕ್ರಾಂತಿಯಲ್ಲಿ ಉರುಳಿದ ತಲೆಗಳ ಮೇಣದ ಅಚ್ಚಿನಿಂದಲೇ ಹೆಸರು ಮಾಡಿ, ಲಂಡನ್ನಿನಲ್ಲಿ ಇಂದಿಗೂ ನಡೆಯುವ ಸಂಸ್ಥೆ ಕಟ್ಟಿದವಳು. ನನಗೆ ಆ ದಾರಿ ಬೇಡ. ಕೋಟೆಯ ಗುಡ್ಡದ ಮಣ್ಣಿನ ಮಾದರಿಯೊಂದನ್ನು ಮಾಡಿ, ಅಗಸಿ ಎಲ್ಲಿತ್ತು, ಕಂಪನಿಯ ದಂಡು ಯಾವ ಕಡೆಯಿಂದ ಬಂತು ಎಂದು ತೋರಿಸಿದರೆ ಸಾಕು. 1980ರ ಜುಲೈಯಲ್ಲಿ ಇದೇ ಊರಿನ ರೈತ ಬಂಡಾಯದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ರೈತರ ನೆನಪನ್ನು ಮಾರಾಟದ ಸಾಮಾನು ಮಾಡುವ ಯೋಚನೆಯೇ ಸಲ್ಲದು. ಎಲ್ಲದಕ್ಕೂ ಬೆಲೆಚೀಟಿ ಅಂಟಿಸುವುದಲ್ಲ.

ಖರ್ಚು ಕಡಿಮೆಯದು, ನಾಳೆಯೇ ಶುರುಮಾಡಬಹುದಾದದ್ದು ಸೂಡಿಯಲ್ಲಿದೆ. ಇಂಗ್ಲೆಂಡಿನ ಹಳೆಯ ಚರ್ಚುಗಳ ಸಮಾಧಿಗಳ ಮೇಲೆ ಹಿತ್ತಾಳೆಯ ತಗಡಿನಲ್ಲಿ ಕೊರೆದ ಚಿತ್ರಗಳಿರುತ್ತವೆ. ಕಾಗದ ಹಾಸಿ ಮೇಣದ ಬಳಪ ಉಜ್ಜಿ ಚಿತ್ರ ಎತ್ತಿಕೊಳ್ಳುವುದು ಅಲ್ಲಿನ ಮಕ್ಕಳ ಹಳೆಯ ಹುಚ್ಚು. ಮೂಲ ಸವೆದುಹೋದೀತೆಂದು ತಗಡಿನ ಪ್ರತಿಕೃತಿ ಮಾಡಿಟ್ಟಿದ್ದಾರೆ. ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಇದಕ್ಕೇ ಒಂದು ಕೇಂದ್ರವಿದೆ, ದುಡ್ಡು ಕೊಟ್ಟು ಉಜ್ಜಿ ಮನೆಗೆ ಒಯ್ಯಬಹುದು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಊರ ಸುತ್ತಲಿನ ಶಾಸನಗಳನ್ನು ಕಲ್ಲಿಗೆ ಏನೂ ಆಗದಂತೆ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅದೇ ಬಗೆಯಲ್ಲಿ ಸೂಡಿಯ ಶಾಸನವೊಂದನ್ನು ಸ್ಕ್ಯಾನ್ ಮಾಡಿಸಿ, ಅಕ್ಕಾದೇವಿಯ ಹೆಸರು ಬರುವ ನಾಲ್ಕು ಸಾಲನ್ನು ಗಟ್ಟಿ ಹಲಗೆಯ ಮೇಲೆ ಎಬ್ಬಿಸಿದರೆ ಮುಗಿಯಿತು. ಒದ್ದೆ ಕಾಗದ, ಬ್ರಷ್ಷು, ಮಸಿ, ಹೇಳಿಕೊಡಲು ಊರಿನ ಇಬ್ಬರು ಹುಡುಗಿಯರು. ಪುರಾತತ್ತ್ವ ಇಲಾಖೆಯವರು ಮೈಸೂರಿನಿಂದ ಬಂದು ಒಂದು ವಾರ ಕಲಿಸಿದರೂ ಸಾಕು. ಹಾಳೆಗೆ ಐವತ್ತು ರೂಪಾಯಿ ಇಡಲಿ. ಕಲ್ಲಿನ ರಥದ ನೋಟು ಅಲ್ಲಿಗೆ ಸರಿಹೋಗುತ್ತದೆ. ಮಸಿ ಒಣಗಲು ಸ್ವಲ್ಪ ಹೊತ್ತು ಬೇಕು, ಬಂದವರು ಅಷ್ಟು ಹೊತ್ತು ಸುಮ್ಮನೆ ಕೂರುವವರಲ್ಲ. ಗಿರಮಿಟ್ಟು, ಮಿರ್ಚಿ, ಚಹಾದ ಗಾಡಿಯೊಂದು ಪಕ್ಕದಲ್ಲೇ ನಿಲ್ಲುತ್ತದೆ, ಅದಕ್ಕೆ ಯಾರ ಮಂಜೂರಾತಿಯೂ ಬೇಕಾಗುವುದಿಲ್ಲ.